ನಾಲ್ಕನೇ ಮೊಳೆ

ನವನೀತನ ಬಿಲ್ಲೆ ಮೊಳೆಯಲ್ಲಿ ತೂಗುತ್ತಿತ್ತು. ಅಂದರೆ ಅವನ ಪಾಠ ಮುಗಿದಿದೆ, ಆಡಲು ಹೋಗಿದ್ದಾನೆ. ತಾಯಿ ಇಂದ್ರಾಣಿ ಅದನ್ನು ನೋಡಿ ನಿರಾಳವಾಗಿ ಅಕ್ಕಿ ಆರಿಸಲು ಕೂತಳು. ಲಿಖಿತಳ ಬಿಲ್ಲೆ ಇನ್ನೂ ಅವಳ ಜೇಬಿನಲ್ಲೇ ಇತ್ತು. ನಾಲ್ಕನೇ ಕ್ಲಾಸಿನ ಭಾಗಾಕಾರ ಅವಳ ಜಡೆಗಿಂತ ಉದ್ದ ಬೆಳೆದಿತ್ತು. ಐದು ವರ್ಷದ ಅನು ತನ್ನ ಬಿಲ್ಲೆಯನ್ನು ಬಾಯಲ್ಲಿ ಕಚ್ಚಿಕೊಂಡು ‘ಅ’ ತಿದ್ದುತ್ತಿದ್ದಳು.

ಬಿಲ್ಲೆಯ ಉಪಾಯ ಪಕ್ಕದ ಮನೆಯ ಮುನಿಶಾಮಮ್ಮನದು. ಇಂದ್ರಾಣಿಯ ಗಂಡನಿಗೆ ಇಲ್ಲಿನ ಫ್ಯಾಕ್ಟರಿಗೆ ವರ್ಗವಾಗಿ, ದಸರಾ ಕಳೆದ ಮೇಲೆ ಮುಚ್ಚಿಹೋದ ಚಿನ್ನದ ಗಣಿಯ ಪಕ್ಕದ ನಂದಿದುರ್ಗದ ಲೈನ್ ಮನೆಗೆ ಬಂದಿಳಿದಾಗ, ಕೇಳಿದ ಶಾಲೆಯವರೆಲ್ಲ ಜೂನ್‌ಗೆ ಬನ್ನಿ ಅಂದುಬಿಟ್ಟಿದ್ದರು. ಅಲ್ಲಿಯವರೆಗೆ ಅಡುಗೆಮನೆಯ ಹೊಸ್ತಿಲೇ ಶಾಲೆ, ಇಂದ್ರಾಣಿಯೇ ಮೇಷ್ಟ್ರು. ಒಬ್ಬರಿಗೆ ಹೇಳಿಕೊಡುವಷ್ಟರಲ್ಲಿ ಇನ್ನೊಬ್ಬರು ಬೀದಿ ಸೇರುತ್ತಿದ್ದರು. ಅದನ್ನು ನೋಡಲಾರದೆ ಮುನಿಶಾಮಮ್ಮ ಹಾಲುಪುಡಿ ಡಬ್ಬದ ಮುಚ್ಚಳ ಕತ್ತರಿಸಿ ಮೂರು ಬಿಲ್ಲೆ ಮಾಡಿದ್ದಳು, ಗೋಡೆಗೆ ಮೂರು ಮೊಳೆ ಹೊಡೆದಿದ್ದಳು. ಅವಳ ಗಂಡ ವೆಂಕಟೇಶಪ್ಪ ಒಂದು ಕಾಲಕ್ಕೆ ಗಣಿಯ ಬಾಯಲ್ಲಿ ಕೂತು ಬಿಲ್ಲೆ ಕೊಡುತ್ತಿದ್ದವನು. ಕೆಳಗಿಳಿಯುವವನು ಬಿಲ್ಲೆ ತಗೊಂಡು ಇಳಿಯಬೇಕು, ಮೇಲೆ ಬಂದವನು ಮೊಳೆಗೆ ಹಾಕಬೇಕು. ಪಾಠಕ್ಕೂ ಅದೇ ಕಟ್ಟಳೆ.

ಆ ಮುನಿಶಾಮಮ್ಮನೇ ಈಗ ನವನೀತನ ರಟ್ಟೆ ಹಿಡಿದು ಒಳಗೆ ಬಂದಳು. ಅವನ ಚಡ್ಡಿಗೆಲ್ಲ, ಗಣಿಯ ಕಸ ಸುರಿದು ಬೆಳೆದ ಸೈನೈಡ್ ಗುಡ್ಡದ ಬಿಳಿಮಣ್ಣು.

“ನೋಡಮ್ಮಣ್ಣೀ ನಿನ್ ಮಗನ್ನ. ಗುಡ್ಡದ್ ಮ್ಯಾಲೆ ಒಬ್ನೇ ಕುಂತವ್ನೆ, ದೊಡ್ಡ ಸನ್ಯಾಸಿ ಅಂಗೆ! ಲೆಕ್ಕ ಮುಗೀತೇನ್ಲಾ ಅಂದ್ರೆ ಇಲ್ಲ ಅಂತಾನೆ.”

“ಮುಗಿಸದೆ ಯಾಕೋ ಬಿಲ್ಲೆ ಹಾಕಿದೆ?” ಇಂದ್ರಾಣಿ ಮೊರ ಕೆಳಗಿಟ್ಟಳು.

ಮುನಿಶಾಮಮ್ಮ ಅವನ ಬಿಲ್ಲೆಯನ್ನು ಮೊಳೆಯಿಂದ ಕಿತ್ತು ಅವನ ಅಂಗೈಗೆ ಒತ್ತಿದಳು. “ಕೇಳ್ಲಾ ಇಲ್ಲಿ. ಮೊಳೆ ಖಾಲಿ ಐತೆ ಅಂದ್ರೆ ಭಯ ಇಲ್ಲ. ಒಬ್ಬ ಇನ್ನೂ ಕೆಳಗವ್ನೆ ಅಂತ ಉಡುಕ್ಕೊಂಡು ಓಗ್ತಾರೆ. ಸುಳ್ಳುಬಿಲ್ಲೆ ಬಿತ್ತೋ, ಎಲ್ರೂ ಮನೆಗೋಗಿ ಮುದ್ದೆ ಉಣ್ತಾರೆ. ಕೆಳಗೆ ಉಳ್ಕೊಂಡೋನ್ನ ಯಾವನು ಉಡುಕ್ತಾನೆ?”

“ಸುಳ್ಳು ಹಾಕೋದು ನಾನೊಬ್ನೇನಾ?” ಒಡೆಯುತ್ತಿದ್ದ ದನಿ ಅರ್ಧದಲ್ಲೇ ಕೀರಲಾಯಿತು. “ಅಮ್ಮನೂ ಹಾಕ್ತಾಳೆ.”

ಅವನು ನೋಟ್‌ಬುಕ್ ತಂದು ಬಿಡಿಸಿ ಅಕ್ಕಿಯ ಮೇಲೇ ಇಟ್ಟ. “ಸೋಮವಾರ ಈ ಬೀಜಗಣಿತದ ಲೆಕ್ಕ ಬೇಕಂತಲೇ ತಪ್ಪು ಮಾಡಿದ್ದೆ. ರೈಟ್ ಹಾಕಿದ್ದೀಯ. ಜೂನ್‌ನಲ್ಲಿ ಶಾಲೆಯವರು ಕೊಡೋ ಪರೀಕ್ಷೆ ಪಾಸಾದ್ರೆ ಒಂಬತ್ತು, ಇಲ್ಲಾಂದ್ರೆ ಮತ್ತೆ ಎಂಟನೇ ಕ್ಲಾಸೇ. ನಾನು ಯಾರನ್ನ ಕೇಳ್ಲಿ?”

ಕೆಂಪು ಗುರುತು ಬಾಲ ಎತ್ತಿಕೊಂಡು ಪುಟದ ತುದಿಯವರೆಗೆ ಓಡಿತ್ತು. ಕೆಳಗೆ ‘ಜಾಣ’ ಅಂತ ಬೇರೆ. ಇಂದ್ರಾಣಿಗೆ ಆ ಪುಟ ಚೆನ್ನಾಗಿ ನೆನಪಿತ್ತು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಅನು ಅಳುತ್ತಿದ್ದಳು. ಆದರೆ ಅವಸರಕ್ಕೆ ಹಾಕಿದ ಗುರುತಲ್ಲ ಅದು. ಇಂಥ ಪುಟ ಬಂದಾಗಲೆಲ್ಲ, ತನಗೆ ಲೆಕ್ಕ ಬರುವುದಿಲ್ಲ ಅಂತ ಮಗನಿಗೆ ಗೊತ್ತಾಗಿಬಿಟ್ಟೀತು ಅನ್ನುವ ಭಯಕ್ಕೆ ಕೈ ತಾನೇ ಓಡುತ್ತಿತ್ತು.

“ನಂಗೆ ಈ ಲೆಕ್ಕ ಬರಲ್ಲ ಕಣೋ,” ಅಂದಳು.

ಅನು ಬಾಯಿಂದ ಬಿಲ್ಲೆ ತೆಗೆದು, “ಅಕ್ಕಾ, ಅಮ್ಮಂಗೂ ಬರಲ್ವಂತೆ!” ಎಂದು ಹಬ್ಬದ ಸುದ್ದಿಯ ಹಾಗೆ ಸಾರಿದಳು. ನವನೀತನಿಗೆ ನಗು ಬಂತು. ತಡೆದುಕೊಳ್ಳಲು ಮುಖ ತಿರುಗಿಸಿದ.

ಮಾರನೆಯ ಸಂಜೆ ಕರಿಬೇವು ಕೇಳಲು ಬಂದ ಮುನಿಶಾಮಮ್ಮ ಬಾಗಿಲಲ್ಲೇ ನಿಂತಳು. ಗೋಡೆಯಲ್ಲಿ ನಾಲ್ಕು ಮೊಳೆ. ಎರಡರಲ್ಲಿ ಹುಡುಗಿಯರ ಬಿಲ್ಲೆಗಳು, ಎರಡು ಖಾಲಿ. ಕೆಳಗೆ, ಏಳನೇ ಕ್ಲಾಸಿನ ಹಳೆಯ ಗಣಿತದ ಪುಸ್ತಕದ ಮೇಲೆ ಎರಡು ತಲೆ ತಾಗಿಕೊಂಡಿದ್ದವು. ಕೆಂಪು ಪೆನ್ನು ನವನೀತನ ಕೈಯಲ್ಲಿತ್ತು.

“ಇದು ತಪ್ಪಮ್ಮ. ಇನ್ನೊಂದ್ಸಲ ಮಾಡು.”

“ತಾಳೋ, ಬೈಬೇಡ.”

ಒಳಗೆ ಸಾರು ಉಕ್ಕಿ ಒಲೆಯ ಮೇಲೆ ಚುರ್ ಅಂದಿತು. ಇಬ್ಬರಿಗೂ ಕೇಳಿಸಲಿಲ್ಲ. ಲಿಖಿತ ಓಡಿಬಂದು ಪಿಸುಗುಟ್ಟಿದಳು: “ಅಜ್ಜೀ, ಅಮ್ಮ ಇನ್ನೂ ಮೇಲೆ ಬಂದಿಲ್ಲ.”

ಮುನಿಶಾಮಮ್ಮ ಮೆಲ್ಲಗೆ ಒಳಗೆ ಹೋಗಿ ಒಲೆ ಆರಿಸಿದಳು. ಬರುವಾಗ ಖಾಲಿ ಮೊಳೆಗಳನ್ನು ಇನ್ನೊಮ್ಮೆ ನೋಡಿದಳು.

“ಇರ್ಲಿ ಬುಡು,” ಅಂದಳು. “ಕೆಳಗೆ ಇಬ್ರವ್ರೆ.”