ಮುಂದೆ ಹೋದ ಪೆಟ್ಟಿಗೆ

ಹೊಸ ಸರಬರಾಜು ಬಾರದೆ, ಸುತ್ತಲಿನ ಸರಕಾರಿ ದವಾಖಾನೆಗಳಿಗೆಲ್ಲ ಹಾವಿನ ವಿಷಕ್ಕೆ ಕೊಡುವ ಔಷಧದ ಪೆಟ್ಟಿಗೆ ಒಂದೇ ಉಳಿದಿತ್ತು. ತಪಾಸಣೆಯ ದಿನ ಅದು ಸಾಹೇಬರ ಜೀಪಿಗಿಂತ ಮುಂಚೆ, ಅಡ್ಡದಾರಿ ಹಿಡಿದು, ಬೈಕಿನ ಮೇಲೆ ಊರೂರು ತಲುಪುತ್ತಿತ್ತು. ಈ ಸಲವೂ, ಔಷಧ ಕೊಡುವ ಈರಬಸಪ್ಪನ ಕಪಾಟಿನಲ್ಲಿ ಬಾಟಲಿಗಳನ್ನು ಮುಟ್ಟಿ ನೋಡಿದ ಸಾಹೇಬರು "ಭೇಷ್" ಎಂದು ಹೊರಟರು.

ಪೆಟ್ಟಿಗೆಯನ್ನು ಬೈಕಿಗೆ ಕಟ್ಟುತ್ತ ಮುಂದಿನ ದವಾಖಾನೆಯ ಮೌಲಾಸಾಬ ಕೇಳಿದ: "ಅಣ್ಣಾ, ಈಗ ಇಲ್ಲೆ ಯಾರಿಗರ ಹಾವು ಕಡದ್ರ?"

"ನಿಮ್ಮಲ್ಲೆ ಕಳಸ್ತೀನಿ. ದೇವರು ಅದಾನ, ನೀ ನಡಿ ಮಾರಾಯ."

ಬೈಕು ಮರೆಯಾಯಿತು. ಈರಬಸಪ್ಪ ದೇವರ ಪಟಕ್ಕೆ ಕೈಮುಗಿದು, ಹೆಂಡತಿ ಹೊಲಕ್ಕೆ ಹೋಗುವ ಮುನ್ನ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದ.

ಒಂದು ರೊಟ್ಟಿ ಮುಗಿಯುವಷ್ಟರಲ್ಲಿ ಸಾಹೇಬರ ಜೀಪು ಧೂಳೆಬ್ಬಿಸುತ್ತ ಹಿಂತಿರುಗಿ ಬಂದು ಬಾಗಿಲಲ್ಲಿ ನಿಂತಿತು. ಹಿಂದಿನ ಸೀಟಿನಲ್ಲಿ, ಊದಿದ ಕಾಲು ಹಿಡಿದುಕೊಂಡು, ಅವನ ಹೆಂಡತಿ ಒರಗಿದ್ದಳು.

"ದಾರಿ ಬಾಜೂ ಹೊಲದಾಗ ಹಾವು ಕಡದೈತ್ರಿ," ಎಂದರು ಸಾಹೇಬರು. "ಅಲ್ಲಿಂದ ಮುಂದಿನ ದವಾಖಾನಿನ ಹತ್ರ ಇತ್ತು. ಆದ್ರ ನಿಮ್ಮಲ್ಲೆ ಔಷಧ ಇರೋದನ್ನ ನಾನ ಕಣ್ಣಾರೆ ನೋಡೀನಲ್ಲ, ಅದಕ್ಕ ತಿರುಗಿಸಿಕೊಂಡು ಬಂದೆ."