ಒಂದು ಅಚ್ಚುಕೂಟ, ಒಂದು ಸೂರು

ಬೆಳಿಗ್ಗೆ ಹನ್ನೊಂದು ಗಂಟೆಗೆ, ಅಚ್ಚಿನ ಅಕ್ಷರಗಳ ಕಂಪನಿಯ ತಪಾಸಣೆಗಾರ ಎದುರಿಗೇ ನಿಂತಿದ್ದಾಗ, ಗೋಡೆಯ ಕ್ಯಾಲೆಂಡರ್ ಪಕ್ಕಕ್ಕೆ ಸರಿದು ಹಿಂದಿನಿಂದ ಒಂದು ಕೈ ಹೊರಬಂತು. ಕೈಯಲ್ಲಿ ಯಂತ್ರಕ್ಕೆ ಅಕ್ಷರ ತುಂಬುವ ಫ್ಲಾಪಿ ಇತ್ತು.

“ಅಕ್ಕಾ, ತಗೊಳ್ಳಿ. ಬೇಗ ವಾಪಸ್ ಕೊಡಿ, ನದಿಗಳ ಪಾಠ ಅರ್ಧಕ್ಕೇ ನಿಂತಿದೆ,” ಎಂದಿತು ಗೋಡೆ.

ಈಚೆ ನಿಂತಿದ್ದ ಅಕ್ಕ ಕೈ ಚಾಚಲಿಲ್ಲ. ತಪಾಸಣೆಗಾರ ಚಾಚಿದ. ಫ್ಲಾಪಿಯ ಮೇಲಿದ್ದ ಸಂಖ್ಯೆಯನ್ನು ತನ್ನ ಕಾಗದದ ಜೊತೆ ತಾಳೆ ನೋಡಿ, ಒಂದು ಇಟ್ಟಿಗೆ ಕಿತ್ತು ಮಾಡಿದ್ದ ಕಿಂಡಿಯಲ್ಲಿ ಇಣುಕಿದ. ಆಚೆಗೂ ಇಂಥದೇ ಕೋಣೆ, ಇಂಥದೇ ಅಕ್ಷರಜೋಡಣೆಯ ಯಂತ್ರ, ಬಾಯಿಗೆ ಕೈ ಅಡ್ಡ ಹಿಡಿದು ನಿಂತ ಹೆಂಗಸು.

ಇಬ್ಬರೂ ಓರಗಿತ್ತಿಯರು. ಆರು ವರ್ಷದ ಹಿಂದೆ ಗಂಡಂದಿರು ಪಾಲಾದಾಗ ಮಾವನ ಅಚ್ಚುಕೂಟದ ನಡುವೆ ಈ ಗೋಡೆ ಎದ್ದಿತ್ತು. ಅಂದಿನಿಂದ ಅಣ್ಣತಮ್ಮಂದಿರು ಮುಖ ಕೊಟ್ಟು ಮಾತಾಡಿರಲಿಲ್ಲ. ಯಂತ್ರ ಇಬ್ಬರೂ ತಂದರು. ಅಕ್ಷರಗಳ ಪರವಾನಗಿ ಪಡೆಯಲು ಸಾಧ್ಯವಾದದ್ದು ಅಣ್ಣನಿಗೆ ಮಾತ್ರ. ಶಾಲಾ ಇಲಾಖೆ ತನ್ನ ಭೂಗೋಳದ ಪುಸ್ತಕವನ್ನು ಅದೇ ಅಕ್ಷರದಲ್ಲಿ ಕೇಳಿತು. ಕೆಲಸ ಒಂದು ಮನೆಯ ಕೈಮೀರಿದ್ದು. ಹೆಂಗಸರು ಒಂದು ಇಟ್ಟಿಗೆ ಕಿತ್ತು, ಪಾಠಗಳನ್ನು ಹಂಚಿಕೊಂಡರು. ಒಬ್ಬಳು ಫ್ಲಾಪಿ ಹಾಕಿ ಪುಟ ತೆಗೆಯುವಾಗ ಇನ್ನೊಬ್ಬಳು ಮುಂದಿನ ಪಾಠಕ್ಕೆ ಕೀಲಿ ಒತ್ತುತ್ತಿದ್ದಳು.

“ಇದನ್ನ ನಾನು ತಗೊಂಡು ಹೋಗ್ಬೇಕಾಗುತ್ತೆ, ಅಮ್ಮಾ. ಎರಡು ಯಂತ್ರಕ್ಕೂ ಸೀಲ್ ಹಾಕ್ಬೇಕು,” ಎಂದ ತಪಾಸಣೆಗಾರ.

“ನಾಡಿದ್ದು ಪುಸ್ತಕ ಕೊಡ್ಬೇಕು. ತಪ್ಪಿದ್ರೆ ಎರಡು ಮನೇನೂ ಬೀದಿಗೆ ಬೀಳುತ್ತೆ.”

“ಷರತ್ತು ನಾನು ಬರೆದಿದ್ದಲ್ಲ. ಪರವಾನಗಿಯಲ್ಲಿ ‘ಒಂದು ಅಚ್ಚುಕೂಟ, ಒಂದು ಸೂರು’ ಅಂತಿದೆ.”

“ಒಂದೇ ಯಂತ್ರ ಅಂತ ಇದೆಯಾ?”

ಅವನು ಹಾಳೆ ಮಗುಚಿ ಓದಿದ. ಕಟ್ಟುನಿಟ್ಟಿನ ಮನುಷ್ಯ, ಸುಳ್ಳು ಹೇಳುವವನಲ್ಲ. “ಇಲ್ಲ. ಒಳಗೆ ಯಂತ್ರ ಎಷ್ಟಿದ್ರೂ ನಡೆಯುತ್ತೆ. ಆದ್ರೆ ಇಲ್ಲಿ ಎರಡು ಬೋರ್ಡು, ನಡುವೆ ಗೋಡೆ. ಒಂದು ಅಂತ ನಾನು ಹೇಗೆ ಬರೀಲಿ?”

“ಗೋಡೆ ಇಲ್ಲದಿದ್ರೆ?”

“ಇಲ್ಲದಿದ್ರೆ ಒಂದೇ. ಆದ್ರೆ ಇದೆಯಲ್ಲಾ.”

“ವರದಿ ಯಾವಾಗ ಬರೀತೀರಿ?”

“ಊಟ ಆದ್ಮೇಲೆ.”

“ಹಾಗಾದ್ರೆ ಅವಸರ ಮಾಡ್ಕೋಬೇಡಿ. ಹೊಟ್ಟೆ ತುಂಬಾ ಊಟ ಮಾಡಿ ಬನ್ನಿ.”

ಅವನು ಫ್ಲಾಪಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಹಿರಿಯವಳು ಕಿಂಡಿಗೆ ಬಾಯಿಟ್ಟಳು.

“ಏನೇ, ಕೇಳಿಸ್ತಾ?”

“ಕೇಳಿಸ್ತು ಅಕ್ಕಾ. ಸಲಾಕೆ ಎಲ್ಲಿದೆ?”

“ಪಾಲಾದಾಗ ಸಲಾಕೆ ನಿಮಗೆ ಬಂತು, ಸುತ್ತಿಗೆ ನಮಗೆ.”

“ಓ, ಅದಕ್ಕೇ ಈ ಗೋಡೆ ಇಷ್ಟು ವರ್ಷ ನಿಂತಿದ್ದು!”

ಧೂಳು ಬಿದ್ದರೆ ಯಂತ್ರದ ಮಸೂರ ಹಾಳಾಗುತ್ತದೆಂದು ಇಬ್ಬರೂ ಮೊದಲು ತಂತಮ್ಮ ಯಂತ್ರಕ್ಕೆ ಎರಡೆರಡು ಹೊದಿಕೆ ಹೊದಿಸಿದರು. ಗೋಡೆ ಸೂರಿಗೆ ಆಸರೆ ಕೊಟ್ಟದ್ದಲ್ಲ, ನಡುವೆ ನಿಲ್ಲಿಸಿದ ಒಂದಿಟ್ಟಿಗೆಯ ಅಡ್ಡಗೋಡೆ. ಕಿಂಡಿಯ ಸುತ್ತಲಿನ ಇಟ್ಟಿಗೆಗಳು ಸಡಿಲಾಗಿ ಬಂದವು, ಆಮೇಲಿನವು ಬೆವರಿಳಿಸಿದವು. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಬ್ಬಳು ಹೊಡೆದಳು, ಒಬ್ಬಳು ಮೀಟಿದಳು. ಆಳು ನುಸುಳುವಷ್ಟು ದಾರಿಯಾದಾಗ ಕಿರಿಯವಳು ದಾಟಿ ಬಂದಳು. ಸುಣ್ಣದ ಧೂಳಿಗೆ ಇಬ್ಬರ ಹುಬ್ಬುಗಳೂ ಬೆಳ್ಳಗಾಗಿದ್ದವು. ಒಬ್ಬರನ್ನೊಬ್ಬರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೆಗಲ ಮೇಲೆ ಕಾಗದದ ಕಟ್ಟು ಹೊತ್ತು ಹಿರಿಯವಳ ಗಂಡ ಒಳಗೆ ಬಂದದ್ದು ಆಗ.

“ಯಾರೇ ಇದನ್ನ ಒಡೆದಿದ್ದು? ನಾನು ಕಟ್ಟಿಸಿದ ಗೋಡೆ!”

“ಈ ಕಡೆಯಿಂದ ನಾನು, ಆ ಕಡೆಯಿಂದ ಅವಳು. ಅಕ್ಷರದ ಕಂಪನಿಯವನು ವಾಪಸ್ ಬರೋ ಹೊತ್ತಿಗೆ ಇದು ನಿಂತಿದ್ರೆ ಎರಡು ಯಂತ್ರಕ್ಕೂ ಸೀಲ್ ಬೀಳುತ್ತೆ. ಮಿಕ್ಕಿದ್ದು ನೀವು ನೋಡ್ಕೊಳ್ಳಿ. ನಂಗೆ ಪ್ರೂಫ್ ತಿದ್ದೋದಿದೆ.”

ಅವನು ಉತ್ತರಕ್ಕೆ ಬಾಯಿ ತೆರೆದ. ಒಡಕಿನ ಆಚೆ ತಮ್ಮ ನಿಂತಿದ್ದ. ಸದ್ದು ಕೇಳಿ ಓಡಿಬಂದವನು ಹೆಂಡತಿ ಬಿಟ್ಟುಹೋದ ಸಲಾಕೆಯನ್ನು ಕೈಗೆತ್ತಿಕೊಂಡು ತಳದ ಸಾಲಿಗೆ ಮೀಟು ಹಾಕುತ್ತಿದ್ದ. ಅಣ್ಣ ನೋಡಿದ. ತಡೆಯಲಾಗಲಿಲ್ಲ.

“ಲೋ, ಮೇಲಿಂದ ಬಿಡಿಸೋ! ಬುಡ ಕಿತ್ರೆ ತಲೆ ಮೇಲೆ ಬೀಳುತ್ತೆ.”

ಆರು ವರ್ಷದಲ್ಲಿ ಅವನು ತಮ್ಮನಿಗೆ ಆಡಿದ ಮೊದಲ ಮಾತು ಅದು. ತಮ್ಮ ಸಲಾಕೆಯನ್ನು ಮೇಲಿನ ಸಾಲಿಗೆ ಎತ್ತಿದ. ಅಣ್ಣ ಕಾಗದದ ಕಟ್ಟು ಇಳಿಸಿ ಸುತ್ತಿಗೆ ಹಿಡಿದ.

ಎರಡೂವರೆಗೆ ತಪಾಸಣೆಗಾರ ಕರವಸ್ತ್ರ ಮೂಗಿಗೊತ್ತಿ ಬಂದ. ಬೋರ್ಡುಗಳು ಎರಡೂ ಇಳಿದಿದ್ದವು. ಉದ್ದನೆಯ ಒಂದೇ ಕೋಣೆಯ ಈ ತುದಿಯಿಂದ ಆ ತುದಿಗೆ ಇಟ್ಟಿಗೆ ದಾಟುತ್ತ ನಡೆದು, ವರದಿಯಲ್ಲಿ ‘ಅಚ್ಚುಕೂಟ: ಒಂದು, ಯಂತ್ರ: ಎರಡು, ಆಕ್ಷೇಪ: ಇಲ್ಲ’ ಎಂದು ಬರೆದ. ಫ್ಲಾಪಿಯನ್ನು ಮೇಜಿನ ಮೇಲಿಟ್ಟು, ಬೂಟಿನ ಧೂಳು ಕೊಡವಿ ಹೊರಟ.

ಹೊಸ ಅಚ್ಚುಕೂಟಕ್ಕೆ ಯಾರ ಹೆಸರು ಇಡಬೇಕೆಂದು ಅಣ್ಣತಮ್ಮಂದಿರು ಮರುದಿನ ಸಂಜೆಯವರೆಗೂ ಗಂಟಲು ಹರಿಯುವಂತೆ ವಾದಿಸಿದರು. ಅಷ್ಟರಲ್ಲಿ ಪುಸ್ತಕದ ಕೊನೆಯ ಪುಟ ಹೊರಬಂದಿತ್ತು. ಮುದ್ರಕರು ಎಂಬಲ್ಲಿ ಇಬ್ಬರು ಹೆಂಗಸರ ಹೆಸರಿತ್ತು.