ಮಾವನ ಹೆಸರು

ಎತ್ತಿನ ಗಾಡಿ ಇಳಿಜಾರಿನಲ್ಲಿ ದಡದಡ ಬರುತ್ತಿತ್ತು. ಅದಕ್ಕೆ ಎದುರಾಗಿ ಚಲುವಮ್ಮನ ಎರಡು ವರ್ಷದ ಮಗ ಒಂದು ಬದನೆಕಾಯಿ ಹಿಡಿದುಕೊಂಡು ಪುಟುಪುಟು ಹೊರಟಿದ್ದ. “ಅಪ್ಪೀ!” ಎಂದು ಅವಳು ಕಿರುಚಿದಳು. ಶನಿವಾರಸಂತೆಯ ಜನವೆಲ್ಲ ಕೊಡಗು ರಾಜ್ಯದ ಮೊದಲ ಚುನಾವಣೆಯ ಮಾತಿನಲ್ಲಿ ಮುಳುಗಿತ್ತು. ಸಂತೆಯಲ್ಲಿ ಎಲ್ಲ ಮಕ್ಕಳೂ ಅಪ್ಪಿಗಳೇ; ಇವನು ತಿರುಗಲಿಲ್ಲ.

ಅವನಿಗೆ ಅಜ್ಜನ ಹೆಸರಿಟ್ಟಿದ್ದರು, ಮಲ್ಲಪ್ಪ ಎಂದು. ಅಜ್ಜನಿಗೆ ಅದು ಬೆಟ್ಟದ ದೇವರ ಹರಕೆಯಿಂದ ಬಂದ ಹೆಸರು. ಸೊಸೆಯಾದವಳು ಮಾವನ ಹೆಸರು ಹೇಳುವಂತಿಲ್ಲ. ಹಾಗಾಗಿ ಹೆತ್ತ ಮಗನನ್ನೇ ಅವಳು ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ.

“ಮಲ್ಲಪ್ಪಾ! ನಿಲ್ಲೋ!”

ಗಾಡಿ ಗಕ್ಕನೆ ನಿಂತಿತು. ಗಾಡಿಯವನ ಹೆಸರೂ ಮಲ್ಲಪ್ಪ; ಯಾರೋ ತನ್ನನ್ನೇ ಗದರಿದರೆಂದು ಹಗ್ಗ ಜಗ್ಗಿದ್ದ. ಆ ಬೆಟ್ಟದ ಸುತ್ತ ಮನೆಗೊಬ್ಬ ಮಲ್ಲಪ್ಪ. ವೀಳ್ಯದೆಲೆ ಮಾರುತ್ತಿದ್ದವನು, ಕುರಿಯ ಹಲ್ಲು ನೋಡುತ್ತಿದ್ದವನು, ಎಲ್ಲರೂ ಇದ್ದಲ್ಲೇ ಕಲ್ಲಾದರು. ಪುಟ್ಟ ಮಲ್ಲಪ್ಪ ಮಾತ್ರ ಎತ್ತಿನ ಮೂತಿಗೆ ಬದನೆಕಾಯಿ ಚಾಚಿ ನಿಂತಿದ್ದ.

ಸಂತೆಗೆ ಜೊತೆಯಲ್ಲೇ ಬಂದಿದ್ದ ಮಾವ ಓಡಿಬಂದು ಮೊಮ್ಮಗನನ್ನು ಎತ್ತಿಕೊಂಡರು. ಚಲುವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ತಪ್ಪಾಯ್ತು ಮಾವಯ್ಯ.”

“ತಪ್ಪೇನ್ ಬಂತವ್ವಾ? ಹೆಸ್ರು ಇಡೋದು ಕರೆಯೋಕೇ ಅಲ್ವಾ? ಎಲ್ಲಿ, ಇನ್ನೊಂದ್ಸಲ ಕರಿ.”

ಅವಳು ಮಗನ ಕಡೆ ನೋಡಿ, ನಗು ತಡೆದುಕೊಂಡು, ಮೆಲ್ಲಗೆ ಕರೆದಳು: “ಮಲ್ಲಪ್ಪಾ...”

“ಓ!” ಎಂದರು ಮಾವ, ಮೊಮ್ಮಗನಿಗಿಂತ ಮೊದಲೇ.